ಮಗಳಿಗೆ ಅನುಭವ ಜಾಸ್ತಿ ಆದ ಹಾಗೆ ಭಯವೂ ಜಾಸ್ತಿ ಆಗ್ತಿದೆ. ಹೀಗೂ ಆಗುತ್ತಾ?

ಶೋಭಾ_ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈಗ ಮೊದಲ ಪಿಯುಸಿ. ಎಂಟನೇ ಕ್ಲಾಸಿನಿಂದ ಲಾಂಗ್ ಜಂಪ್ ಮಾಡುತ್ತಿದ್ದಾಳೆ. ಮೊದಲ ವರ್ಷವೇ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಎಲ್ಲ ದಾಟಿ ರಾಜ್ಯ ಮಟ್ಟಕ್ಕೆ ಹೋದಳು. ಆಗ ಅವಳ ಹತ್ತಿರ ಸ್ವಂತ ಸ್ಪೈಕ್ಸ್ ಕೂಡ ಇರಲಿಲ್ಲ. ಇನ್ನೊಬ್ಬ ಹುಡುಗಿಯದನ್ನು ಕೇಳಿ ಹಾಕಿಕೊಂಡಿದ್ದಳು. ಬಸ್ಸಿನಲ್ಲಿ ಹಾಡು ಹೇಳಿಕೊಂಡು ಹೋದಳು, ಹಾರಿದಳು, ಐದನೆಯವಳಾಗಿ ಬಂದಳು. ಹೆದರಿಕೆ ಅನ್ನುವುದೇ ಗೊತ್ತಿರಲಿಲ್ಲ.

ಈಗ ಪ್ರಾಕ್ಟೀಸಿನಲ್ಲಿ 5.10 ಮೀಟರ್ ಹಾರುತ್ತಾಳೆ. ಆದರೆ ಕಳೆದ ತಿಂಗಳು ಜಿಲ್ಲಾ ಮಟ್ಟದಲ್ಲಿ ಮೂರಕ್ಕೆ ಮೂರೂ ಫೌಲ್, ಹಾರುವ ಗೆರೆ ದಾಟಿ ಕಾಲಿಟ್ಟಿದ್ದಾಳೆ. ಮೂರು ಸಲವೂ ಕೆಂಪು ಬಾವುಟ. ಹಿಂದಿನ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಫೋನ್ ಮಾಡಿ "ಅಮ್ಮ, ಕೈಯೆಲ್ಲ ತಣ್ಣಗಾಗ್ತಿದೆ" ಅಂದಳು.

ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಾರೆ, "ಇನ್ನೂ ನಾಲ್ಕು ಕೂಟ ಆಡಲಿ, ಅನುಭವ ಆದರೆ ಭಯ ತಾನಾಗಿ ಹೋಗುತ್ತೆ" ಅಂತ. ಆದರೆ ನಮ್ಮನೇಲಿ ಉಲ್ಟಾ ಆಗಿದೆ ಅಲ್ವಾ? ಅನುಭವ ಇಲ್ಲದಾಗ ಭಯ ಇರಲಿಲ್ಲ. ಅನುಭವ ಬಂದ ಮೇಲೆ ಭಯ ಬಂದಿದೆ. ಆಡಿದವರು, ಆಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪಿಟಿ_ಮೇಷ್ಟ್ರು_24

ಶೋಭಾ ಅವರೇ, ನಾನು 24 ವರ್ಷದಿಂದ ಹೈಸ್ಕೂಲ್ ಪಿ.ಟಿ. ಮೇಷ್ಟ್ರು. ಅನುಭವದಿಂದ ಭಯ ಕಡಿಮೆ ಆಗುವುದು ನಿಜ. ಕಣ್ಣಾರೆ ನೋಡಿದ್ದೇನೆ.

ನಮ್ಮ ಮಕ್ಕಳು ಓಡುವುದು ಮಣ್ಣಿನ ಮೈದಾನದಲ್ಲಿ. ಸುಣ್ಣದ ಗೆರೆ ಎಳೆದರೆ ಅದೇ ಟ್ರ್ಯಾಕ್. ಮೊದಲ ಸಲ ದೊಡ್ಡ ಸ್ಟೇಡಿಯಂಗೆ ಕರೆದುಕೊಂಡು ಹೋದರೆ ಸಿಂಥೆಟಿಕ್ ಟ್ರ್ಯಾಕನ್ನು ಬಗ್ಗಿ ಕೈಯಲ್ಲಿ ಮುಟ್ಟಿ ನೋಡುತ್ತಾರೆ. ಮೈಕಿನಲ್ಲಿ ಅವರ ಹೆಸರು ಕೂಗಿದರೆ ಬೆಚ್ಚಿ ಬೀಳುತ್ತಾರೆ. ಬೇರೆ ಜಿಲ್ಲೆ ಮಕ್ಕಳ ಟ್ರ್ಯಾಕ್ ಸೂಟು ನೋಡಿಯೇ ಅರ್ಧ ಸೋತಿರುತ್ತಾರೆ. ಎರಡನೇ ವರ್ಷ ಅದೇ ಮಗು ಹೋದರೆ ಟ್ರ್ಯಾಕನ್ನು ಮುಟ್ಟುವುದಿಲ್ಲ. ಸೀದಾ ಹೋಗಿ ವಾರ್ಮ್ ಅಪ್ ಶುರು ಮಾಡುತ್ತದೆ. ಹೊಸ ಜಾಗ ಅನ್ನುವ ಭಯ ಹೋಯಿತು ಅಂತ ತಾನೇ ಅರ್ಥ?

ಅದಕ್ಕೇ ಜಾಸ್ತಿ ಕೂಟಗಳಿಗೆ ಕಳಿಸಿ ಅನ್ನುತ್ತೇನೆ ನಾನು. ಮನೆಯಲ್ಲಿ ಕೂರಿಸಬೇಡಿ.

ಖೋಖೋ_ಚೇಸರ್

ಮೇಷ್ಟ್ರು ಹೇಳಿದ್ದು ಜಾಗದ ಭಯದ ಮಟ್ಟಿಗೆ ನಿಜ. ಆದರೆ ಎಲ್ಲ ಭಯವೂ ಹೋಗಲ್ಲ ಸರ್. ನಾನು 9 ವರ್ಷ ಖೋಖೋ ಆಡಿದವನು. ಮೊದಲ ಮ್ಯಾಚಿಗೆ ಮುಂಚೆ ವಾಂತಿ ಮಾಡಿದ್ದೆ. ಕೊನೇ ಮ್ಯಾಚಿಗೆ ಮುಂಚೆಯೂ ವಾಂತಿ ಮಾಡಿದೆ. 9 ವರ್ಷದ ಅನುಭವ ನನ್ನ ಹೊಟ್ಟೆಗೆ ಏನೂ ಕಲಿಸಲಿಲ್ಲ.

ಬದಲಾಗಿದ್ದು ಬೇರೆ. ಮೊದಲ ಎರಡು ವರ್ಷ ಹೊಟ್ಟೆ ತೊಳಸಿದ ತಕ್ಷಣ "ಇವತ್ತು ನನ್ನ ಕಥೆ ಮುಗೀತು" ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡ ದಿನ ನಿಜವಾಗಿಯೂ ಮುಗಿಯುತ್ತಿತ್ತು. ಕೂತಲ್ಲಿ ಖೋ ಬಿದ್ದರೂ ಏಳುವುದು ತಡವಾಗುತ್ತಿತ್ತು, ರನ್ನರ್ ಕಂಬ ದಾಟಿ ಹೋಗಿರುತ್ತಿದ್ದ. ಮೂರನೇ ವರ್ಷ ಒಂದು ದಿನ ನಮ್ಮ ಕ್ಯಾಪ್ಟನ್ ಅಣ್ಣ ಗ್ರೌಂಡಿನ ಹಿಂದೆ ಬಗ್ಗಿಕೊಂಡು ನಿಂತಿದ್ದರು. ಅವರೂ ವಾಂತಿ ಮಾಡುತ್ತಿದ್ದರು. ರಾಜ್ಯ ತಂಡಕ್ಕೆ ಆಡಿದ ಮನುಷ್ಯ! ನಲ್ಲಿ ಹತ್ತಿರ ಬಾಯಿ ತೊಳೆದುಕೊಂಡು ಬಂದು ನನ್ನ ಹೆಗಲ ಮೇಲೆ ಒದ್ದೆ ಕೈ ಇಟ್ಟು, "ಮೈ ರೆಡಿ ಆಯ್ತು ಕಣೋ, ನಡಿ" ಅಂದರು.

ಅವತ್ತಿನಿಂದ ನನಗೂ ವಾಂತಿ ಅಂದರೆ ಮೈ ರೆಡಿ ಆಯ್ತು ಅಂತಲೇ ಲೆಕ್ಕ. ಅದೇ ಹೊಟ್ಟೆ, ಅದೇ ತೊಳಸು. ಆದರೆ ಅವತ್ತಿನಿಂದ ಏಳುವುದು ತಡವಾಗಲಿಲ್ಲ.

ವಿದ್ಯಾ_ಮನಶ್ಶಾಸ್ತ್ರ

ಖೋಖೋ ಅಣ್ಣ, ನೀವು ಹೇಳಿದ್ದನ್ನು ನಾವು ಕ್ಲಾಸಿನಲ್ಲಿ ಓದುತ್ತೇವೆ. ನಾನು ಕ್ರೀಡಾ ಮನಶ್ಶಾಸ್ತ್ರದ ವಿದ್ಯಾರ್ಥಿನಿ, ಜೊತೆಗೆ ಕಾಲೇಜು ತಂಡದಲ್ಲಿ ವಾಲಿಬಾಲ್ ಆಡಿದವಳು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಸ್ಪರ್ಧೆಯ ಆತಂಕ ಒಂದೇ ತುಂಡು ಅಲ್ಲ. ಒಂದು ತಲೆಯದು: "ಸೋತರೆ ಏನು ಗತಿ, ಎಲ್ಲರೂ ಏನಂತಾರೆ" ಅನ್ನುವ ಯೋಚನೆ. ಇನ್ನೊಂದು ಮೈಯದು: ಎದೆ ಡವಡವ, ಕೈ ತಣ್ಣಗೆ, ಹೊಟ್ಟೆಯಲ್ಲಿ ಸಂಕಟ. ಇವೆರಡರ ಪಕ್ಕದಲ್ಲಿ ಆತ್ಮವಿಶ್ವಾಸ ಅಂತ ಮೂರನೆಯದು. ಕ್ರೀಡಾ ಮನಶ್ಶಾಸ್ತ್ರಜ್ಞ ರೈನರ್ ಮಾರ್ಟೆನ್ಸ್ ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿಯಲ್ಲಿ ಈ ಮೂರಕ್ಕೂ ಒಂಬತ್ತೊಂಬತ್ತು, ಒಟ್ಟು 27 ಪ್ರಶ್ನೆಗಳಿವೆ. ಬೇರೆ ಬೇರೆಯಾಗಿ ಅಳೆಯುವುದು ಯಾಕೆ ಅಂದರೆ, ಮೈ ನಡುಗುತ್ತಿದ್ದರೂ ಒಳಗೆ ವಿಶ್ವಾಸ ಗಟ್ಟಿಯಾಗಿರಬಹುದು. ಮೈ ತಣ್ಣಗೆ ಕೂತಿದ್ದರೂ ತಲೆಯೊಳಗೆ ಚಿಂತೆ ಕೊರೆಯುತ್ತಿರಬಹುದು.

ಅನುಭವ ಏನು ಮಾಡುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಅಧ್ಯಯನ ಇದೆ. 1967ರಲ್ಲಿ ಫೆನ್ಜ್ ಮತ್ತು ಎಪ್‌ಸ್ಟೈನ್ ಅನ್ನುವವರು ಪ್ಯಾರಾಶೂಟ್ ಹಾರುವವರ ಎದೆಬಡಿತ, ಉಸಿರು ಎಲ್ಲ ಅಳೆದರು. ಹೊಸಬರ ಎದೆಬಡಿತ ವಿಮಾನ ಹತ್ತಿದಾಗಿನಿಂದ ಏರುತ್ತಾ ಏರುತ್ತಾ, ಹಾರುವ ಕ್ಷಣದಲ್ಲಿ ತುದಿ ಮುಟ್ಟುತ್ತಿತ್ತು. ಅನುಭವಿಗಳದ್ದೂ ಏರುತ್ತಿತ್ತು. ಆದರೆ ಬೇಗ ಏರಿ, ಹಾರುವ ಹೊತ್ತಿಗೆ ಇಳಿಯುತ್ತಿತ್ತು. ಗಮನಿಸಿ, ಅನುಭವಿಗಳಿಗೆ ಭಯ ಆಗಲೇ ಇಲ್ಲ ಅಂತಲ್ಲ. ಅವರು ಅದನ್ನು ಮೊದಲೇ ಪಟ್ಟು ಮುಗಿಸಿದ್ದರು.

ಇನ್ನೊಂದು 1994ರದ್ದು, ಈಜುಗಾರರನ್ನು ಕೇಳಿ ನೋಡಿದ್ದು. ಮೇಲ್ಮಟ್ಟದ ಈಜುಗಾರರಿಗೂ ಸಾಧಾರಣ ಮಟ್ಟದವರಿಗೂ ಆತಂಕದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಮೇಲ್ಮಟ್ಟದವರು "ಇದು ನನಗೆ ಸಹಾಯ ಮಾಡುತ್ತದೆ" ಅಂದರು. ಅವರ ಆತ್ಮವಿಶ್ವಾಸವೂ ಜಾಸ್ತಿ ಇತ್ತು. ನಿಮ್ಮ ಕ್ಯಾಪ್ಟನ್ ಒದ್ದೆ ಕೈ ಇಟ್ಟು ಹೇಳಿದ್ದು ಇದನ್ನೇ.

ಶೋಭಾ ಅಕ್ಕ, ನಿಮ್ಮ ಮಗಳಿಗೆ ಮೈಯ ಆತಂಕ ಮಾತ್ರವಾ, ತಲೆಯದ್ದೂ ಇದೆಯಾ? ಅದು ಅವಳಿಗೇ ಗೊತ್ತು. ಒಮ್ಮೆ ಕೇಳಿ ನೋಡಿ.

ರಾಘು_ಹುಬ್ಬಳ್ಳಿ

ಅಲ್ರೀ, ನೀವೆಲ್ಲ ಅನುಭವ ಅಂದರೆ ವರ್ಷದ ಲೆಕ್ಕ ಅಂದುಕೊಂಡಿದ್ದೀರಿ. ನಾನು ಹಾಗೆ ಒಪ್ಪಲ್ಲ. ನಮ್ಮ ಕ್ಲಬ್ಬಿನಲ್ಲಿ 20 ವರ್ಷದಿಂದ ಶಟಲ್ ಆಡುವವರು ಇದ್ದಾರೆ. 18-18 ಆದ ತಕ್ಷಣ ಸರ್ವೀಸ್ ನೆಟ್ಟಿಗೆ ಹೊಡೆಯುತ್ತಾರೆ. 20 ವರ್ಷವೂ ಹಾಗೇ ಹೊಡೆದಿದ್ದಾರೆ. ಒಂದೇ ತಪ್ಪನ್ನು 20 ವರ್ಷ ಮಾಡಿದ್ದನ್ನು ಅನುಭವ ಅನ್ನೋದು ಹೆಂಗ?

ಪ್ರಕಾಶ್ ಪಡುಕೋಣೆ ಅವರನ್ನು ನೋಡಿ. 1971ರಲ್ಲೇ ರಾಷ್ಟ್ರೀಯ ಚಾಂಪಿಯನ್. ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದಿದ್ದು 1980ರಲ್ಲಿ. ಆ ಫೈನಲ್‌ನಲ್ಲಿ ಎದುರಿಗಿದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷದ ಚಾಂಪಿಯನ್. 15-3, 15-10, ಎರಡೇ ಗೇಮಿನಲ್ಲಿ ಮುಗಿಯಿತು. ಎಲ್ಲರೂ ಆ ಮ್ಯಾಚಿನ ಮಾತೇ ಆಡುತ್ತಾರೆ. ನಾನು ಅದರ ಹಿಂದಿನ ದಿನಗಳನ್ನು ನೋಡಿ ಅನ್ನುತ್ತೇನೆ. ಅದಕ್ಕೆ ಸ್ವಲ್ಪ ಮುಂಚೆ ಅದೇ ವರ್ಷ ಡ್ಯಾನಿಶ್ ಓಪನ್ ಗೆದ್ದಿದ್ದರು, ಸ್ವೀಡಿಶ್ ಓಪನ್ ಗೆದ್ದಿದ್ದರು. ದೊಡ್ಡ ದೊಡ್ಡವರನ್ನು ಆಗಷ್ಟೇ ಸೋಲಿಸಿದ ಕೈ ಅದು. ವಿಶ್ವಾಸ ಬಂದಿದ್ದು ಅಲ್ಲಿಂದ ಅಂತ ನನ್ನ ನಂಬಿಕೆ.

ವಿದ್ಯಾ_ಮನಶ್ಶಾಸ್ತ್ರ

ರಾಘು ಅವರೇ, ನಿಮ್ಮ ಮಾತಿಗೆ ಆಧಾರ ಇದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಇದನ್ನೇ ಬರೆದರು. "ನನ್ನ ಕೈಲಾಗುತ್ತೆ" ಅನ್ನುವ ನಂಬಿಕೆ ಬರುವ ದಾರಿಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಯಾವುದು ಅಂದರೆ, ತಾನೇ ಒಂದು ಕಷ್ಟದ ಕೆಲಸ ಮಾಡಿ ಮುಗಿಸಿದ ನೆನಪು. ತನ್ನಂಥವರು ಮಾಡಿದ್ದನ್ನು ನೋಡುವುದು ಅದಾದ ಮೇಲೆ. ಬೇರೆಯವರು "ನೀನು ಮಾಡ್ತೀಯ" ಅಂತ ಹುರಿದುಂಬಿಸುವುದು ಅಷ್ಟು ಗಟ್ಟಿ ನಿಲ್ಲಲ್ಲ.

ಆದರೆ ಮರೆಯಬಾರದ್ದು ಒಂದಿದೆ. ಗೆದ್ದ ನೆನಪು ವಿಶ್ವಾಸ ಕಟ್ಟುತ್ತದೆ. ಯಾಕೆ ಸೋತೆ ಅಂತ ಗೊತ್ತಾಗದ ಸೋಲಿನ ನೆನಪು ಅದೇ ವಿಶ್ವಾಸವನ್ನು ಕೆಡವುತ್ತದೆ. ಎರಡೂ ಅನುಭವವೇ.

ಹತ್ತು_ಮೀಟರ್_ರೈಫಲ್

ಶೂಟಿಂಗ್ ಕಡೆಯಿಂದ ಒಂದು ಮಾತು. ನಾವು ಓಡುವುದಿಲ್ಲ, ಹಾರುವುದಿಲ್ಲ. ಎದೆಬಡಿತವೇ ನಮ್ಮ ಎದುರಾಳಿ. ಅದನ್ನು ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ನಮ್ಮ ಆಟದಲ್ಲಿ ನಿಷೇಧ ಮಾಡಿದ್ದಾರೆ. 2008ರ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಒಬ್ಬರು ಅದಕ್ಕೇ ಎರಡು ಪದಕ ಕಳೆದುಕೊಂಡರು.

ಅದೇ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರು. ಅದಕ್ಕೆ ನಾಲ್ಕು ವರ್ಷ ಮುಂಚೆ ಅಥೆನ್ಸ್‌ನಲ್ಲಿ ಮೂರನೆಯವರಾಗಿ ಫೈನಲ್‌ಗೆ ಹೋಗಿ ಏಳನೆಯವರಾಗಿ ಮುಗಿಸಿದ್ದರು. ಬೀಜಿಂಗ್‌ನಲ್ಲಿ ನಾಲ್ಕನೆಯವರಾಗಿ ಹೋದರು. ಕೊನೇ ಗುಂಡಿಗೆ ಮುಂಚೆ ಫಿನ್ಲೆಂಡಿನ ಹ್ಯಾಕಿನೆನ್ ಜೊತೆ ಸಮ ಸಮ. ಹ್ಯಾಕಿನೆನ್ 9.7 ಹೊಡೆದರು, ಬಿಂದ್ರಾ 10.8. ಅಥೆನ್ಸ್ ಸೋಲನ್ನು ಬಿಚ್ಚಿ ಬಿಚ್ಚಿ ನೋಡಿ ನಾಲ್ಕು ವರ್ಷ ಕೆಲಸ ಮಾಡಿದ ಮನುಷ್ಯ ಅದು. ಅಷ್ಟೆಲ್ಲ ಅನುಭವ ಆದ ಮೇಲೂ 2016ರ ರಿಯೋದಲ್ಲಿ ನಾಲ್ಕನೇ ಸ್ಥಾನ. ಅನುಭವ ಅನ್ನುವುದು ಬ್ಯಾಂಕಿನ ಎಫ್‌ಡಿ ಅಲ್ಲ, ಅವಧಿ ಮುಗಿದರೆ ಇಷ್ಟು ಬಂದೇ ಬರುತ್ತೆ ಅಂತ ಹೇಳೋಕೆ.

ಜಾವೆಲಿನ್_ಅಭಿಮಾನಿ

ಅಕ್ಕ, ಮಗಳಿಗೆ ಇದು ಹೇಳಿ. ಪ್ಯಾರಿಸ್ 2024ರ ಫೈನಲ್‌ನಲ್ಲಿ ನೀರಜ್ ಚೋಪ್ರಾ ಎಸೆದ ಆರರಲ್ಲಿ ಐದು ಫೌಲ್. ಒಲಿಂಪಿಕ್ ಚಾಂಪಿಯನ್, ವಿಶ್ವ ಚಾಂಪಿಯನ್ ಆಗಿದ್ದವರು. ಸರಿಯಾಗಿ ಬಿದ್ದಿದ್ದು ಒಂದೇ, 89.45 ಮೀಟರ್. ಆ ಒಂದಕ್ಕೇ ಬೆಳ್ಳಿ ಬಂತು.

ಪಿಟ್_ಪಕ್ಕ_ಕೋಚ್

ನಾನು ಜಂಪ್ಸ್ ಕೋಚ್. ಮನಸ್ಸಿನ ವಿಷಯ ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಆದರೆ ಲಾಂಗ್ ಜಂಪ್‌ನಲ್ಲಿ ಮನಸ್ಸಿನಲ್ಲಿ ಆಗಿದ್ದು ಕಾಲಿನಲ್ಲಿ ಕಾಣುತ್ತದೆ. ಅದನ್ನು ಯಾರೂ ಹೇಳಲಿಲ್ಲ.

ಹಾರುವಾಗ ಕಾಲಿಡುವ ಬೋರ್ಡಿನ ಅಗಲ 20 ಸೆಂಟಿಮೀಟರ್. 30 ಮೀಟರ್ ದೂರದಿಂದ ಪೂರ್ತಿ ವೇಗದಲ್ಲಿ ಓಡಿ ಬಂದು ಅದರ ಮೇಲೆ ಕಾಲಿಡಬೇಕು. ಹೆಸರು ಕೂಗಿದ ಮೇಲೆ ಇರುವುದು ಒಂದು ನಿಮಿಷ. ಪ್ರಾಕ್ಟೀಸಿನಲ್ಲಿ ಹುಡುಗಿಯ ಹೆಜ್ಜೆ ಒಂದು ಅಳತೆ ಇರುತ್ತದೆ. ಸ್ಪರ್ಧೆಯ ದಿನ ಮೈಯಲ್ಲಿ ಬಿಸಿ ಏರಿರುತ್ತದೆ, ಹೆಜ್ಜೆ ಉದ್ದ ಆಗುತ್ತದೆ. ಒಂದೊಂದು ಹೆಜ್ಜೆಗೆ ಒಂದೇ ಸೆಂಟಿಮೀಟರ್ ಜಾಸ್ತಿ ಆದರೂ 16 ಹೆಜ್ಜೆಗೆ 16 ಸೆಂಟಿಮೀಟರ್. ಬೋರ್ಡ್ ದಾಟಿ ಹೋಯಿತು, ಕೆಂಪು ಬಾವುಟ ಎದ್ದಿತು.

ಅದಾದ ಮೇಲೆ ಹುಡುಗಿಗೆ ಅನುಮಾನ ಶುರು. ಎರಡನೇ ಸಲ ಓಡುವಾಗ ಬೋರ್ಡನ್ನೇ ನೋಡುತ್ತಾಳೆ. ಕೊನೇ ನಾಲ್ಕು ಹೆಜ್ಜೆ ಚಿಕ್ಕ ಚಿಕ್ಕದು ಮಾಡಿ ಹೊಂದಿಸಲು ಹೋಗುತ್ತಾಳೆ. ವೇಗ ಸತ್ತು ಹೋಗುತ್ತದೆ. ಹಾಗೆ ಮಾಡಿದರೂ ಒಂದೊಂದು ಸಲ ಕಾಲು ದಾಟುತ್ತದೆ.

ಅಕ್ಕ, ಮೂರು ಫೌಲೂ ಎಷ್ಟೆಷ್ಟು ದಾಟಿತ್ತು ಅಂತ ಕೇಳಿ. ಮೂರೂ ಹತ್ತಿರ ಹತ್ತಿರ ಒಂದೇ ಅಳತೆಯಾಗಿದ್ದರೆ ಅದು ಸೋಲಲ್ಲ. ಅವತ್ತು ಅವಳು ಪ್ರಾಕ್ಟೀಸಿಗಿಂತ ಜೋರಾಗಿ ಓಡಿದ್ದಾಳೆ, ಅಷ್ಟೇ. ಅನುಭವಿ ಜಂಪರ್ ಏನು ಮಾಡುತ್ತಾಳೆ? ಮೊದಲ ಫೌಲ್ ಆದ ತಕ್ಷಣ ಓಟ ಶುರು ಮಾಡುವ ತನ್ನ ಗುರುತನ್ನು ಒಂದು ಪಾದ ಹಿಂದಕ್ಕೆ ಇಡುತ್ತಾಳೆ. ಅಳುವುದಿಲ್ಲ. ಹೆದರಿಕೆಯನ್ನು ಟೇಪಿನಲ್ಲಿ ಅಳೆಯುತ್ತಾಳೆ. ನನ್ನ ಲೆಕ್ಕದಲ್ಲಿ ಅನುಭವ ಅಂದರೆ ಇದು.

ನಮ್ಮ ಮಕ್ಕಳಿಗೆ ಅಂಜು ಬಾಬ್ಬಿ ಜಾರ್ಜ್ ಅವರ ವಿಷಯ ಹೇಳುತ್ತಿರುತ್ತೇನೆ. 2003ರಲ್ಲಿ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 6.70ಕ್ಕೆ ಕಂಚು. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 6.83 ಹಾರಿದರು. ಅದಕ್ಕಿಂತ ದೂರ ಅವರು ಹಾರಿದ್ದಿಲ್ಲ. ಪದಕ ಬರಲಿಲ್ಲ. ಆದರೆ ಬದುಕಿನ ಅತಿ ದೊಡ್ಡ ವೇದಿಕೆಯಲ್ಲಿ ಬದುಕಿನ ಅತಿ ದೂರದ ಜಿಗಿತ! ಒತ್ತಡವನ್ನು ಗೆದ್ದರು ಅಂತ ಹೇಳಲು ನನಗೆ ಬೇರೆ ಪದಕ ಬೇಡ.

ಶೋಭಾ_ಅರಸೀಕೆರೆ

ಎಲ್ಲರಿಗೂ ತುಂಬ ಧನ್ಯವಾದ. ಭಾನುವಾರ ಮಗಳು ಹಾಸ್ಟೆಲಿನಿಂದ ಬಂದಿದ್ದಳು. ಇಬ್ಬರೂ ಹಿತ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಸುಮ್ನೆ ಮಾತಿಗೆ ಅಂತ ಕೇಳಿದೆ, "ಎಂಟನೇ ಕ್ಲಾಸಿನಲ್ಲಿ ಹಾರುವಾಗ ಹೆಂಗಿತ್ತು, ಈಗ ಹೆಂಗಿರುತ್ತೆ ಪುಟ್ಟಿ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆಗ ಓಡುವಾಗ ಮರಳು ಕಾಣ್ತಿತ್ತು ಅಮ್ಮ. ಈಗ ಜನ ಕಾಣ್ತಾರೆ" ಅಂದಳು.

ಕೂಟಕ್ಕೆ ಮುಂಚೆ ಕಾಲೇಜಿನ ಗೇಟಿಗೆ ಅವಳ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದ್ದರಂತೆ. ಜಿಲ್ಲೆಗೆ ಚಿನ್ನ ತರುವವಳು ಅಂತ. ಕ್ಯಾಂಟೀನಿನವರೂ "ಮೆಡಲ್ ತಂದ್ರೆ ನಿಂಗೆ ಫ್ರೀ ದೋಸೆ" ಅಂದಿದ್ದರಂತೆ. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಷ್ಟೂ ಜನರನ್ನು ಹೊತ್ತುಕೊಂಡು ಅವಳು ರನ್ ವೇ ಮೇಲೆ ಓಡಿದ್ದಾಳೆ.

ನನ್ನದೂ ಇದೆ. ದಿನಾ ಫೋನಿನಲ್ಲಿ ನಾನು ಕೊನೆಗೆ ಹೇಳುತ್ತಿದ್ದ ಮಾತು "ಈ ಸಲ ನೀನೇ ಗೆಲ್ಲೋದು ಬಿಡು". ಧೈರ್ಯ ಹೇಳ್ತಿದ್ದೀನಿ ಅಂದುಕೊಂಡಿದ್ದೆ. ಅದು ಅವಳಿಗೆ ಧೈರ್ಯದ ಮಾತಾಗಿ ಕೇಳಲಿಲ್ಲ, ಸಾಲದ ಕಂತಿನ ಹಾಗೆ ಕೇಳಿದೆ. ಬರೆಯುವಾಗ ಈಗಲೂ ಗಂಟಲು ಕಟ್ಟುತ್ತಿದೆ.

ಕೋಚ್ ಸರ್, ಫೌಲ್ ಅಳತೆ ಕೇಳಿದೆ. ಮೊದಲನೆಯದು ಒಂದು ಗೇಣಿಗಿಂತ ಕಡಿಮೆ, ಎರಡನೆಯದೂ ಅಷ್ಟೇ. ಮೂರನೆಯದರಲ್ಲಿ ಬೋರ್ಡ್ ನೋಡಿದೆ ಅಂದಳು. ನೀವು ಹೇಳಿದ ಹಾಗೇ. ಗುರುತು ಹಿಂದಕ್ಕೆ ಇಡಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಪಿಟಿ_ಮೇಷ್ಟ್ರು_24

ಓದಿ ಮನಸ್ಸಿಗೆ ಕಷ್ಟ ಆಯಿತು ತಾಯಿ. ಮೊದಲ ಸಲ ಬರೆದಾಗ ಜಾಸ್ತಿ ಕೂಟಕ್ಕೆ ಕಳಿಸಿ ಅಂತಷ್ಟೇ ಹೇಳಿದ್ದೆ. ಕಳಿಸಿದರೆ ಸಾಲದು, ಬಂದ ಮೇಲೆ ಕೂತು ಮಾತಾಡಬೇಕು. ನಾವು ಪ್ರಮಾಣಪತ್ರ ಫೈಲಿಗೆ ಹಾಕಿ ಸುಮ್ಮನಾಗುತ್ತೇವೆ. ಸೋತು ಬಂದ ಮಗುವಿನ ಹತ್ತಿರ ಏನಾಯ್ತು ಅಂತ ಕೇಳುವುದೇ ಇಲ್ಲ.

ಇನ್ನು ಮುಂದೆ ನಮ್ಮ ಶಾಲೆಯಲ್ಲಿ ತಿಂಗಳಿಗೊಂದು ಸಣ್ಣ ಕೂಟ ಮಾಡುತ್ತೇನೆ. ಎದೆಗೆ ನಂಬರ್, ಮೈಕ್, ಕೆಂಪು-ಬಿಳಿ ಬಾವುಟ, ಕೂಗಲು ಉಳಿದ ಮಕ್ಕಳು, ಎಲ್ಲ ಇರಲಿ. ಬಹುಮಾನ ಮಾತ್ರ ಬೇಡ.

ವಿದ್ಯಾ_ಮನಶ್ಶಾಸ್ತ್ರ

ಮೇಷ್ಟ್ರೇ, ನಿಮ್ಮ ಶಾಲೆಯ ಮಕ್ಕಳು ಪುಣ್ಯವಂತರು.

ಅಕ್ಕ, "ಮರಳು ಕಾಣ್ತಿತ್ತು, ಈಗ ಜನ ಕಾಣ್ತಾರೆ" ಅನ್ನುವ ಮಾತು ತಲೆಯ ಆತಂಕಕ್ಕೆ ನಾನು ಕೇಳಿದ ಅತ್ಯಂತ ಸರಿಯಾದ ವಿವರಣೆ. ಹೊಸಬರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಹೆಸರು ಬಂದ ಮೇಲೆ ಹೆಸರು ಉಳಿಸಿಕೊಳ್ಳುವ ಚಿಂತೆ. ಜೊತೆಗೆ ಮೈಗೆ ರೂಢಿಯಾದ ಕೆಲಸವನ್ನು ತಲೆ ಮಧ್ಯೆ ಬಂದು ಒಂದೊಂದೇ ಹೆಜ್ಜೆ ಪರೀಕ್ಷೆ ಮಾಡಲು ಶುರು ಮಾಡಿದರೆ ಕೆಲಸ ಕೆಡುತ್ತದೆ. ಮೆಟ್ಟಿಲು ಇಳಿಯುವಾಗ ಕಾಲನ್ನೇ ನೋಡಿಕೊಂಡು ಇಳಿದರೆ ತಡವರಿಸುತ್ತೇವಲ್ಲ, ಹಾಗೆ. ಓಡುವಾಗ ಅವಳಿಗೆ ಒಂದೇ ಒಂದು ಮಾತು ಇರಲಿ. ಅವಳೇ ಆರಿಸಿಕೊಳ್ಳಲಿ.

ಇನ್ನೊಂದು, ಒಂದು ನೋಟ್‌ಬುಕ್ ಇಡಲಿ. ಕೂಟದ ದಿನ ಮೈಗೆ ಏನಾಯಿತು, ಗುರುತು ಎಲ್ಲಿತ್ತು, ಕಾಲು ಎಲ್ಲಿ ಬಿತ್ತು. ಮೂರು ಸಾಲು ಸಾಕು.

ನರ್ಸ್_ಮಂಗಳಾ

ನಾನೊಂದು ಬೇರೆ ಮಾತು ಸೇರಿಸುತ್ತೇನೆ, ತಪ್ಪು ತಿಳಿಯಬೇಡಿ. ಕೂಟದ ಹಿಂದಿನ ರಾತ್ರಿ ಊಟ ಸೇರದಿರುವುದು ಎಲ್ಲರಿಗೂ ಆಗುತ್ತದೆ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಇಲ್ಲ, ಇಷ್ಟದ ಕೆಲಸವೂ ಬೇಡ ಅನಿಸುತ್ತಿದೆ ಅಂದರೆ ಅದನ್ನು ಆಟದ ಟೆನ್ಷನ್ ಅಂತ ಬಿಡಬಾರದು. ವೈದ್ಯರಿಗೆ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೊಡಗಿನ ರಾಬಿನ್ ಉತ್ತಪ್ಪ ಭಾರತಕ್ಕೆ ಕ್ರಿಕೆಟ್ ಆಡಿದವರು, ತಮಗೆ ಖಿನ್ನತೆ ಇತ್ತು ಅಂತ ಎಲ್ಲರೆದುರು ಹೇಳಿಕೊಂಡರು. ಹೇಳಿಕೊಳ್ಳುವುದರಲ್ಲಿ ಅವಮಾನ ಇಲ್ಲ.

ಶೋಭಾ_ಅರಸೀಕೆರೆ

ಮಂಗಳಾ ಅಕ್ಕ, ಅಷ್ಟು ದೂರ ಹೋಗಿಲ್ಲ, ಮನೆಗೆ ಬಂದರೆ ಚೆನ್ನಾಗಿ ಉಂಡು ಮಲಗುತ್ತಾಳೆ. ನಂಬರ್ ಬರೆದಿಟ್ಟುಕೊಂಡಿದ್ದೇನೆ.

ನಿನ್ನೆ ಒಂದು ಓಪನ್ ಮೀಟ್ ಇತ್ತು. ಅದಕ್ಕೇ ಆರು ವಾರ ಬಿಟ್ಟು ಬರೆಯುತ್ತಿದ್ದೇನೆ. ಹಿಂದಿನ ರಾತ್ರಿ ಫೋನಿನಲ್ಲಿ ನಾನು ಗೆಲ್ಲುವ ಮಾತು ಎತ್ತಲಿಲ್ಲ. ಬೆಕ್ಕು ಮರಿ ಹಾಕಿದ ಸುದ್ದಿ ಹೇಳಿದೆ. ಬೆಳಿಗ್ಗೆ ನಾನಾಗಿ ಫೋನ್ ಮಾಡಲಿಲ್ಲ. ಮಾಡದೆ ಇರುವುದು ಎಷ್ಟು ಕಷ್ಟ ಅಂತ ತಾಯಂದಿರಿಗೆ ಗೊತ್ತು.

ಸಂಜೆ ಆರಕ್ಕೆ ಅವಳದೇ ಫೋನ್ ಬಂತು. ಮೊದಲ ಜಂಪ್ ಫೌಲ್ ಅಂತೆ. ಗುರುತನ್ನು ಒಂದು ಪಾದ ಹಿಂದಕ್ಕೆ ಇಟ್ಟಳಂತೆ. ಎರಡನೆಯದು ಬಿಳಿ ಬಾವುಟ, 4.81. ಮೂರನೆಯದು 5.02. ನಾಲ್ಕನೇ ಸ್ಥಾನ. ಓಡುವಾಗ ಹೇಳಿಕೊಳ್ಳುವ ಮಾತು ಯಾವುದು ಅಂತ ಕೇಳಿದೆ. "ಮರಳು" ಅಂದಳು.

ಕೈ ತಣ್ಣಗಾಗಿತ್ತಾ ಅಂತಲೂ ಕೇಳಿದೆ. "ಆಗಿತ್ತು ಅಮ್ಮ, ಬುಕ್ಕಲ್ಲಿ ಬರೆದಿದ್ದೀನಿ" ಅಂದಳು.

ಕೋಚ್ ಸರ್, ಅವಳಿಗೆ ಸ್ವಂತ ಅಳತೆ ಟೇಪ್ ಬೇಕಂತೆ. 30 ಮೀಟರಿನದು ಸಾಕಾ, 50ರದ್ದು ತಗೊಳ್ಳಲಾ?

ಪಿಟ್_ಪಕ್ಕ_ಕೋಚ್

50ರದ್ದೇ ತಗೊಳ್ಳಿ ಅಕ್ಕ. ಫೈಬರಿನದು, ಸ್ಟೀಲ್ ಬೇಡ. ಇನ್ನೂ ಬೆಳೆಯುವ ಹುಡುಗಿ, ರನ್ ಅಪ್ ಉದ್ದ ಆಗುತ್ತೆ.